ಕಾರಿಲ್ಲದೆ ವಾರ್ಸಾದಿಂದ ಹೆಲ್ಸಿಂಕಿಗೆ: ಫೆಬ್ರವರಿ ಕೊನೆಯ ಬಾಲ್ಟಿಕ್ ಪ್ರವಾಸ, ಸಲಹೆ ಬೇಕು

ಅಕ್ಕಿರೊಟ್ಟಿ

ನಾಲ್ಕು ಜನ, ಅವರಲ್ಲಿ ಇಬ್ಬರು ಅರವತ್ತು ದಾಟಿದವರು. ಫೆಬ್ರವರಿ 19ಕ್ಕೆ ವಾರ್ಸಾದಲ್ಲಿ ಇಳಿದು ಮಾರ್ಚ್ 4ಕ್ಕೆ ಹೆಲ್ಸಿಂಕಿಯಿಂದ ಹೊರಡುವ ಯೋಚನೆ. ನಡುವೆ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ. ಹಿಮದ ರಸ್ತೆಯಲ್ಲಿ ಬಾಡಿಗೆ ಕಾರು ಓಡಿಸುವ ಸಾಹಸ ಬೇಡ, ನಡುವೆ ವಿಮಾನವೂ ಬೇಡ. ಬಸ್ಸು, ರೈಲು, ಹಡಗು ಮಾತ್ರ.

ಕರಡು: ವಾರ್ಸಾ (ಪೋಲೆಂಡ್) 2 ರಾತ್ರಿ, ವಿಲ್ನಿಯಸ್ (ಲಿಥುವೇನಿಯಾ) 3, ರೀಗಾ (ಲಾಟ್ವಿಯಾ) 3, ತಾಲಿನ್ (ಎಸ್ಟೋನಿಯಾ) 3, ಹೆಲ್ಸಿಂಕಿ (ಫಿನ್ಲೆಂಡ್) 2.

ಕೇಳಬೇಕಾದದ್ದು: ಯಾವ ಹಂತಕ್ಕೆ ಬಸ್ಸು, ಯಾವುದಕ್ಕೆ ರೈಲು? ದಕ್ಷಿಣದಿಂದ ಉತ್ತರಕ್ಕೆ ಹೋಗುವುದೇ ಸರಿಯೇ ಅಥವಾ ತಿರುವುಮುರುವೇ? ವೀಸಾ ಯಾವ ದೇಶಕ್ಕೆ? ಮಂಜುಗಡ್ಡೆಯ ಮೇಲೆ ಹಿರಿಯರು ನಡೆಯಬಲ್ಲರೇ? ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಗೆ ಅಭ್ಯಂತರವಿಲ್ಲ.

ರೈಲುಗೇಟ್

ಹಂತ ಹಂತವಾಗಿ ನೋಡೋಣ, ಏಕೆಂದರೆ ನಾಲ್ಕಕ್ಕೂ ಒಂದೇ ಉತ್ತರವಿಲ್ಲ.

ವಾರ್ಸಾ–ವಿಲ್ನಿಯಸ್: ರೈಲು. ಬೆಳಿಗ್ಗೆ ಹೊರಟು ಸಂಜೆ ಮುಟ್ಟುತ್ತದೆ, ಸುಮಾರು 9 ಗಂಟೆ. ಗಡಿ ದಾಟಿದ ಕೂಡಲೇ ಮೊಟ್ಸ್‌ಕಾವಾ ಎಂಬಲ್ಲಿ ರೈಲು ಬದಲಿಸಬೇಕು. ಪೋಲೆಂಡಿನ ಹಳಿಯ ಅಗಲ 1435 ಮಿ.ಮೀ., ಬಾಲ್ಟಿಕ್ ದೇಶಗಳದ್ದು ರಷ್ಯನ್ ಕಾಲದ 1520 ಮಿ.ಮೀ., ಹಾಗಾಗಿ ಪೋಲಿಷ್ ಗಾಡಿ ವಿಲ್ನಿಯಸ್‌ವರೆಗೆ ಹೋಗಲಾರದು. (ನಮ್ಮ ಬ್ರಾಡ್‌ಗೇಜ್ 1676, ಎರಡಕ್ಕಿಂತಲೂ ದೊಡ್ಡದು.) ಲಿಥುವೇನಿಯಾದ ರೈಲು ಪೋಲಿಷ್ ಗಾಡಿಗಾಗಿ ಕಾದಿರುತ್ತದೆ, ಅದರ ಚಿಂತೆ ಬೇಡ. ಚಿಂತೆ ಮಾಡಬೇಕಾದದ್ದು ಮೂರು. ಒಂದು, ಮೊಟ್ಸ್‌ಕಾವಾದಲ್ಲಿ ಏನೂ ಸಿಗುವುದಿಲ್ಲ, ಊಟ ವಾರ್ಸಾದಿಂದಲೇ ಕಟ್ಟಿಕೊಳ್ಳಿ. ಎರಡು, ಇಳಿಯುವ ಹತ್ತು ನಿಮಿಷ ಮೊದಲೇ ಕೋಟು, ಟೋಪಿ, ಕೈಗವಸು ಹಾಕಿಕೊಂಡು ಸಾಮಾನು ಬಾಗಿಲ ಬಳಿ ಇಟ್ಟಿರಿ. ಬಿಸಿ ಬೋಗಿಯಿಂದ ಸ್ವೆಟರಿನಲ್ಲೇ ಪ್ಲಾಟ್‌ಫಾರ್ಮಿಗೆ ಇಳಿದು ಚೀಲದಲ್ಲಿ ಕೋಟು ಹುಡುಕುವವರು ಪ್ರತಿ ಗಾಡಿಯಲ್ಲೂ ಇರುತ್ತಾರೆ. ಮೂರು, ಲಿಥುವೇನಿಯಾ ಪೋಲೆಂಡಿಗಿಂತ ಒಂದು ಗಂಟೆ ಮುಂದು. ಟಿಕೆಟ್‌ನಲ್ಲಿ ಆಯಾ ದೇಶದ ಸಮಯ ಇರುತ್ತದೆ, ಲೆಕ್ಕ ಹಾಕುವಾಗ ಮರೆಯಬೇಡಿ. ವಿಲ್ನಿಯಸ್‌ನಿಂದ ಹೆಲ್ಸಿಂಕಿವರೆಗೆ ಗಡಿಯಾರ ಮತ್ತೆ ಮುಟ್ಟಬೇಕಿಲ್ಲ.

ಪೋಲೆಂಡಿನ ಈಶಾನ್ಯ ಭಾಗದಲ್ಲಿ ಹಳಿ ಕಾಮಗಾರಿ ನಡೆಯುತ್ತಿರುವುದರಿಂದ ನಡುವೆ ಸ್ವಲ್ಪ ದೂರ ಬಸ್ಸಿನಲ್ಲಿ ಸಾಗಿಸುವುದೂ ಉಂಟು. ಟಿಕೆಟ್ ಕೊಳ್ಳುವ ಪುಟದಲ್ಲಿ ಆ ಹಂತಕ್ಕೆ ಬಸ್ಸಿನ ಚಿಹ್ನೆ ಕಾಣುತ್ತದೆ, ಗಮನಿಸಿ. ಇನ್ನೊಂದು: ಯೂರೋಪಿನ ರೈಲು ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರ್‌ನ ಎರಡನೇ ಶನಿವಾರದ ಮಧ್ಯರಾತ್ರಿ ಬದಲಾಗುತ್ತದೆ. ಅಕ್ಟೋಬರಿನಲ್ಲಿ ನೋಡಿದ ಸಮಯ ಫೆಬ್ರವರಿಗೆ ಅನ್ವಯಿಸುತ್ತದೆ ಎಂದುಕೊಂಡು ಹೋಟೆಲ್ ಬುಕ್ ಮಾಡಬೇಡಿ.

ವಿಲ್ನಿಯಸ್–ರೀಗಾ: ಎರಡೂ ಸರಿ. 2023ರ ಡಿಸೆಂಬರಿನಿಂದ ನೇರ ರೈಲು ಓಡುತ್ತಿದೆ, ಷೌಲ್ಯಯ್ ಮತ್ತು ಯೆಲ್ಗಾವಾ ಮೂಲಕ, ನಾಲ್ಕು ಗಂಟೆಗೆ ಸ್ವಲ್ಪ ಮೇಲೆ. ಆದರೆ ದಿನಕ್ಕೆ ಒಂದೇ, ಅದೂ ವಿಲ್ನಿಯಸ್‌ನಿಂದ ಬೆಳ್ಳಂಬೆಳಿಗ್ಗೆ. ಬಸ್ಸು ಹೆಚ್ಚುಕಮ್ಮಿ ಅಷ್ಟೇ ಹೊತ್ತು, ಆದರೆ ದಿನವಿಡೀ ಇವೆ.

ರೀಗಾ–ತಾಲಿನ್: ಬಸ್ಸು. ಸುಮಾರು 310 ಕಿ.ಮೀ., ನಾಲ್ಕೂವರೆ ಗಂಟೆ. ರೈಲಿನಲ್ಲಿ ಹೋಗಬಹುದು, ಆದರೆ ಲಾಟ್ವಿಯಾ–ಎಸ್ಟೋನಿಯಾ ಗಡಿಯ ವಲ್ಗಾ, ಆಮೇಲೆ ತಾರ್ತು ಮೂಲಕ ಸುತ್ತು, ಹೊತ್ತೂ ಹೆಚ್ಚು. ರೈಲೇ ಗುರಿಯಾದವರಿಗೆ ಅದು ಸೊಗಸು. ಹಿರಿಯರಿಗೆ ಬಸ್ಸೇ ಲೇಸು: ಸೀಟು ಕಾಯ್ದಿರಿಸಿರುತ್ತದೆ, ಒಳಗೇ ಶೌಚಾಲಯವಿರುತ್ತದೆ, ಸಾಮಾನು ಕೆಳಗಿನ ಗೂಡಿಗೆ ಹೋಗುತ್ತದೆ.

ತಾಲಿನ್–ಹೆಲ್ಸಿಂಕಿ: ಹಡಗು, ಸುಮಾರು 2 ಗಂಟೆ, 80 ಕಿ.ಮೀ. ಚಳಿಗಾಲದಲ್ಲೂ ದಿನಕ್ಕೆ ಹಲವು.

ಬಸ್‌ಸ್ಟ್ಯಾಂಡ್ ಬಸವ

ಮೇಲಿನದಕ್ಕೆ ಸೇರಿಸಬೇಕಾದದ್ದು: ಗಾಡಿ ಯಾವುದು ಎನ್ನುವುದಕ್ಕಿಂತ ಅದು ಎಲ್ಲಿ ಇಳಿಸುತ್ತದೆ ಎನ್ನುವುದು ಈ ಕಾಲದಲ್ಲಿ ಮುಖ್ಯ. ಜುಲೈನಲ್ಲಿ 2 ಕಿ.ಮೀ. ನಡೆಯುವುದು ಲೆಕ್ಕಕ್ಕಿಲ್ಲ. ಫೆಬ್ರವರಿಯಲ್ಲಿ, ಕತ್ತಲಲ್ಲಿ, ಕಲ್ಲುಹಾಸಿನ ಮೇಲೆ ಗಾಲಿಚೀಲ ಎಳೆದುಕೊಂಡು ಹೋಗುವುದು ಬೇರೆಯೇ ಸಂಗತಿ.

ವಿಲ್ನಿಯಸ್‌ನಲ್ಲಿ ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣ ಎದುರುಬದುರು. ಹಳೆಯ ಪಟ್ಟಣದ ಬಾಗಿಲಾದ ಅರುಣೋದಯ ದ್ವಾರಕ್ಕೆ ಹತ್ತು ನಿಮಿಷ ನಡಿಗೆ. ರೀಗಾದಲ್ಲೂ ಎರಡೂ ಪಕ್ಕಪಕ್ಕ, ಕೇಂದ್ರ ಮಾರುಕಟ್ಟೆಗೆ ಅಂಟಿಕೊಂಡೇ. ಅಲ್ಲಿ ರೈಲು ನಿಲ್ದಾಣದ ಸುತ್ತ ರೈಲ್ ಬಾಲ್ಟಿಕಾ ಎಂಬ ಹೊಸ ರೈಲುಮಾರ್ಗದ ಕಾಮಗಾರಿ ಇರುವುದರಿಂದ ಕಾಲುದಾರಿ ಆಗಾಗ ಬದಲಾಗುತ್ತದೆ, ನಕ್ಷೆಗಿಂತ ಅಲ್ಲಿನ ಫಲಕ ನಂಬಿ. ತಾಲಿನ್‌ನಲ್ಲಿ ಮಾತ್ರ ಎಡವಟ್ಟು. ರೈಲು ನಿಲ್ದಾಣ ಹಳೆಯ ಪಟ್ಟಣದ ಗೋಡೆಗೇ ತಾಗಿದೆ, ಬಸ್ ನಿಲ್ದಾಣ ಸುಮಾರು 2 ಕಿ.ಮೀ. ಆಚೆ. ಹಾಗಾಗಿ ಬಸ್ಸಿನಲ್ಲಿ ಹೋಗುವವರು ಅಲ್ಲಿಂದ ಟ್ರಾಮ್ ಅಥವಾ ಟ್ಯಾಕ್ಸಿ ಖರ್ಚು ಸೇರಿಸಿಕೊಳ್ಳಿ. ನಾಲ್ಕು ಜನ, ಸಾಮಾನು ಇದ್ದರೆ ಬೋಲ್ಟ್ ಟ್ಯಾಕ್ಸಿಯೇ ಸುಲಭ. ಆ ಕಂಪನಿ ಹುಟ್ಟಿದ್ದೂ ತಾಲಿನ್‌ನಲ್ಲೇ, 2013ರಲ್ಲಿ.

ತಾಲಿನ್‌ನಲ್ಲಿ ನಗರ ಸಾರಿಗೆ ಉಚಿತ ಎಂದು ಎಲ್ಲೆಡೆ ಓದಿರುತ್ತೀರಿ. 2013ರಿಂದ ಉಚಿತವಾಗಿರುವುದು ಅಲ್ಲಿ ನಿವಾಸಿಗಳಾಗಿ ನೋಂದಾಯಿಸಿದವರಿಗೆ. ಪ್ರವಾಸಿ ದುಡ್ಡು ಕೊಡಲೇಬೇಕು. ಮುಂಬಾಗಿಲ ಯಂತ್ರಕ್ಕೆ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ತೋರಿಸಿದರೆ ಸಾಕು. ತಪಾಸಣೆಗೆ ಸಿಕ್ಕಿಬಿದ್ದಾಗ "ಉಚಿತ ಅಂತ ಓದಿದ್ದೆ" ಎನ್ನುವ ಮಾತು ನಡೆಯುವುದಿಲ್ಲ. ರೀಗಾದಲ್ಲಿ ಚಾಲಕರ ಹತ್ತಿರ ನಗದು ಕೊಟ್ಟು ಟಿಕೆಟ್ ಪಡೆಯುವ ಯೋಚನೆ ಬಿಡಿ, ಮೊದಲೇ ಯಂತ್ರದಲ್ಲೋ ಅಂಗಡಿಯಲ್ಲೋ ಆ್ಯಪ್‌ನಲ್ಲೋ ತೆಗೆದುಕೊಳ್ಳಿ.

ಮೂರೂ ನಗರಗಳ ನಿಲ್ದಾಣಗಳಲ್ಲಿ ಸಾಮಾನು ಇಡುವ ವ್ಯವಸ್ಥೆ ಇದೆ. ಹೋಟೆಲ್ ಖಾಲಿ ಮಾಡಿದ ದಿನ ಸಂಜೆ ಬಸ್ಸು ಹಿಡಿಯುವುದಾದರೆ ಉಪಯೋಗಕ್ಕೆ ಬರುತ್ತದೆ.

ಕಡತಪ್ರಿಯ

ವೀಸಾ. ನಿಮ್ಮ 3–3–3 ವಿಂಗಡಣೆಯೇ ತೊಂದರೆ. ಷೆಂಗೆನ್ (ಈ ಐದೂ ದೇಶಗಳಿಗೆ ಒಂದೇ ವೀಸಾ) ನಿಯಮದಂತೆ ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ಎಲ್ಲಿಯೂ ಹೆಚ್ಚಿಲ್ಲ, ಸಮ ಸಮ ಎಂದಾದರೆ ಮೊದಲು ಕಾಲಿಡುವ ದೇಶ. ನಿಮ್ಮದು ಮೂರು ದೇಶದಲ್ಲಿ ಸಮ, ಕಾಲಿಡುವುದು ನಾಲ್ಕನೆಯದರಲ್ಲಿ. ಅಧಿಕಾರಿ ತಲೆ ಕೆರೆದುಕೊಳ್ಳುವಂಥ ಅರ್ಜಿ ಯಾಕೆ ಕೊಡಬೇಕು? ಹೆಲ್ಸಿಂಕಿಯ ಒಂದು ರಾತ್ರಿ ತೆಗೆದು ವಿಲ್ನಿಯಸ್‌ಗೆ ಸೇರಿಸಿ. 2–4–3–3–1. ಆಗ ಲಿಥುವೇನಿಯಾ ಎಂದು ಸ್ಪಷ್ಟ. ಇಳಿಯುವುದು ವಾರ್ಸಾದಲ್ಲಾದರೂ ಅಡ್ಡಿಯಿಲ್ಲ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45. ಅರ್ಜಿ ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದ 15 ದಿನ ಮುಂಚಿನವರೆಗೆ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ, 45 ದಿನದವರೆಗೂ ಎಳೆಯಬಹುದು. ವಿಮೆ ಕನಿಷ್ಠ 30,000 ಯೂರೋ. ಆ ಕನಿಷ್ಠ ಮೊತ್ತ ವೀಸಾಕ್ಕೆ ಸಾಕು, ಆದರೆ ಅರವತ್ತು ದಾಟಿದವರು ಮಂಜಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಶಸ್ತ್ರಚಿಕಿತ್ಸೆ, ವಾಪಸ್ ಕರೆತರುವ ಖರ್ಚು ಎಲ್ಲ ಸೇರಿ ಎಲ್ಲಿಗೆ ಹೋಗುತ್ತದೆ ಯೋಚಿಸಿ. ಹೆಚ್ಚಿನ ಮೊತ್ತದ ಪಾಲಿಸಿ ತಗೊಳ್ಳಿ. ಹಿರಿಯರ ಪಾಲಿಸಿಯಲ್ಲಿ ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಯ ಕಲಮು ಓದಿ ಸಹಿ ಮಾಡಿ.

ಬಸ್ಸು, ರೈಲು, ಹಡಗಿನ ಹಣ ಮರಳದ ಟಿಕೆಟ್‌ಗಳನ್ನು ವೀಸಾ ಕೈಗೆ ಬರುವ ಮುನ್ನ ಕೊಳ್ಳಬೇಡಿ. ದಿನವಾರು ಯೋಜನೆ, ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ಸಾಕು. ಯೋಜನೆಯಲ್ಲಿ ಯಾವ ದಿನ ಯಾವ ಊರಿನಿಂದ ಯಾವ ಊರಿಗೆ, ಬಸ್ಸೋ ರೈಲೋ ಎಂದು ಬರೆದಿರಲಿ.

ಒಳಗಡಿಗಳಲ್ಲಿ ತಪಾಸಣೆ ಇಲ್ಲವೆಂದು ಪಾಸ್‌ಪೋರ್ಟನ್ನು ಬಸ್ಸಿನ ಹೊಟ್ಟೆಗೆ ಹಾಕುವ ಚೀಲದಲ್ಲಿ ಇಡಬೇಡಿ. ಗಡಿ ಪೊಲೀಸರು ಬಸ್ಸು ನಿಲ್ಲಿಸಿ ನೋಡುವುದುಂಟು. ಹತ್ತುವಾಗ ಚಾಲಕರೂ ಕೇಳುತ್ತಾರೆ.

ಮಾಗಿಚಳಿ

ದಿಕ್ಕಿನ ಬಗ್ಗೆ: ದಕ್ಷಿಣದಿಂದ ಉತ್ತರಕ್ಕೆ, ಸಂಶಯವೇ ಬೇಡ. ಕಾರಣ ಬೆಳಕು. ಫೆಬ್ರವರಿ 21ರ ಹೊತ್ತಿಗೆ ವಿಲ್ನಿಯಸ್‌ನಲ್ಲಿ ಹಗಲು ಸುಮಾರು 10 ಗಂಟೆ 10 ನಿಮಿಷ, ತಾಲಿನ್‌ನಲ್ಲಿ 9 ಗಂಟೆ 45 ನಿಮಿಷ. ಆದರೆ ತಾಲಿನ್‌ನ ಹಗಲು ಆಗ ದಿನಕ್ಕೆ ಐದು ನಿಮಿಷಕ್ಕೂ ಹೆಚ್ಚು ಬೆಳೆಯುತ್ತಿರುತ್ತದೆ. ಮಾರ್ಚ್ 1ಕ್ಕೆ ಅಲ್ಲಿ ಹತ್ತೂವರೆ ಗಂಟೆ. ಉತ್ತರವನ್ನು ಕೊನೆಗಿಟ್ಟರೆ ಎಲ್ಲ ಊರಲ್ಲೂ ಹತ್ತು ಗಂಟೆಗಿಂತ ಹೆಚ್ಚು ಬೆಳಕು ಸಿಗುತ್ತದೆ. ಚಳಿಯೂ ಹಾಗೆಯೇ, ಹತ್ತು ದಿನ ತಡವಾದಷ್ಟೂ ಉತ್ತರದಲ್ಲಿ ಸಹ್ಯ.

ರೈಲುಗೇಟ್

ಒಪ್ಪುವುದಿಲ್ಲ. ಅರ್ಧ ಗಂಟೆ ಬೆಳಕಿಗಾಗಿ ಎರಡು ಹಬ್ಬ ಬಿಡುವುದೇ? ಫೆಬ್ರವರಿ 24 ಎಸ್ಟೋನಿಯಾದ ಸ್ವಾತಂತ್ರ್ಯ ದಿನ. ತಾಲಿನ್‌ನ ಕೋಟೆಯ ಉದ್ದ ಹರ್ಮನ್ ಗೋಪುರದ ಮೇಲೆ ಸೂರ್ಯೋದಯಕ್ಕೆ ಸರಿಯಾಗಿ ಧ್ವಜ ಏರಿಸುತ್ತಾರೆ, ಜನ ಕತ್ತಲಲ್ಲೇ ಬಂದು ನಿಂತಿರುತ್ತಾರೆ. ಮಾರ್ಚ್ 4 ಸಂತ ಕಾಸಿಮಿರನ ದಿನ, ಅದರ ಆಸುಪಾಸಿನ ವಾರಾಂತ್ಯಕ್ಕೆ ವಿಲ್ನಿಯಸ್‌ನ ಬೀದಿಗಳಲ್ಲಿ ಕಜ್ಯೂಕಾಸ್ ಜಾತ್ರೆ: ಬುಟ್ಟಿ, ಮರದ ಸೌಟು, ಒಣಹೂಗಳ ಗೊಂಚಲು, ಜೇನುರೊಟ್ಟಿ. ಹೆಲ್ಸಿಂಕಿಯಲ್ಲಿ ಇಳಿದು ವಾರ್ಸಾದಿಂದ ಹೊರಟರೆ, ವಾಪಸಾತಿ ಮೂರು ನಾಲ್ಕು ದಿನ ಮುಂದೆ ಹಾಕಿದರೆ, ಎರಡೂ ಸಿಗುತ್ತವೆ.

ಮಾಗಿಚಳಿ

ಸಿಗುತ್ತವೆ, ಜೊತೆಗೆ ಹಬ್ಬದ ಹೋಟೆಲ್ ದರವೂ ಸಿಗುತ್ತದೆ. 24ರಂದು ತಾಲಿನ್‌ನಲ್ಲಿ ಎಷ್ಟೋ ಅಂಗಡಿ, ಕಚೇರಿ ಮುಚ್ಚಿರುತ್ತವೆ, ಬಸ್ಸುಗಳು ರಜಾದಿನದ ವೇಳಾಪಟ್ಟಿಯಲ್ಲಿ ಓಡುತ್ತವೆ. ಸೂರ್ಯೋದಯದ ಧ್ವಜಾರೋಹಣ ಎಂದರೆ ಬೆಳಿಗ್ಗೆ ಏಳೂವರೆಗೆ ಗುಡ್ಡದ ಮೇಲೆ, ಗಾಳಿಯಲ್ಲಿ, ಒಂದು ತಾಸು ನಿಲ್ಲುವುದು. ಅರವತ್ತು ದಾಟಿದವರನ್ನು ನಿಲ್ಲಿಸುತ್ತೀರಾ? ದಿನಾಂಕ ಗಟ್ಟಿಯಾಗಿದ್ದರೆ ಈಗಿನ ದಿಕ್ಕೇ ಸರಿ. ಬದಲಿಸುವಂತಿದ್ದರೆ ನಿಮ್ಮ ಮಾತಿಗೂ ಅರ್ಥವಿದೆ, ಅಷ್ಟು ಒಪ್ಪುತ್ತೇನೆ.

ಇನ್ನೊಂದು ವಿಷಯ, ವಿಲ್ನಿಯಸ್‌ನಿಂದ ವಿಮಾನ ಹಿಡಿಯುವ ಯೋಚನೆ ಯಾರಿಗಾದರೂ ಇದ್ದರೆ: 2025ರ ಅಕ್ಟೋಬರಿನಲ್ಲಿ ಬೆಲಾರೂಸ್ ಕಡೆಯಿಂದ ತೇಲಿಬಂದ ಕಳ್ಳಸಾಗಣೆ ಬಲೂನುಗಳಿಂದ ಆ ವಿಮಾನ ನಿಲ್ದಾಣ ಹಲವು ಸಲ ಮುಚ್ಚಿತ್ತು. ಬೇರೆ ಬೇರೆ ಟಿಕೆಟ್ ಜೋಡಿಸಿ ಎರಡು ಗಂಟೆ ಅಂತರದಲ್ಲಿ ಮುಂದಿನ ವಿಮಾನ ಇಟ್ಟುಕೊಳ್ಳುವುದು ಅಲ್ಲಿಂದ ಬೇಡ.

ಹುಬ್ಬಳ್ಳಿ ಹವಾ

ಎಲ್ಲಾರೂ ಚಳಿ ಚಳಿ ಅಂತೀರಿ. ಚಳಿ ಅಲ್ಲರಿ ಅಲ್ಲಿ ವೈರಿ, ಜಾರೋದು. ಡಿಸೆಂಬರ್–ಜನವರಿ ಒಳಗ ಮಂಜು ಒಣಗಿ ಗಟ್ಟಿ ಇರ್ತದ, ನಡೀಬಹುದು. ಫೆಬ್ರವರಿ ಕೊನಿಗೆ ಹಗಲು +2, ರಾತ್ರಿ −6 ಹಿಂಗ ಆಡ್ತದ. ಹಗಲು ಕರಗಿದ ನೀರು ರಾತ್ರಿ ಕನ್ನಡಿ ಆಗ್ತದ, ಮ್ಯಾಲೆ ತೆಳ್ಳಗ ಹೊಸಾ ಹಿಮ ಬಿದ್ರ ಕಣ್ಣಿಗೆ ಕಾಣಂಗಿಲ್ಲ. ಬೆಳಿಗ್ಗೆ 10ರ ತನಕ ಭಾಳ ಕೆಟ್ಟ, ಜಾರಬಾರದು ಅಂತ ರಸ್ತೆ ಮ್ಯಾಲೆ ಹರಳುಕಲ್ಲು ಹಾಕೋ ಗಾಡಿ ಬಂದು ಹೋಗೋ ತನಕ. ಸೂರ್ಯ ಮುಳುಗಿದ ಮ್ಯಾಲೆ ಮತ್ತ ಶುರು. ಹಿರಿಯರನ್ನ ಹತ್ತರಿಂದ ಐದರ ನಡುವ ಹೊರಗ ಅಡ್ಡಾಡಿಸ್ರಿ, ಉಳಿದ ಹೊತ್ತು ಒಳಗ.

ಬೂಟಿಗೆ ಮ್ಯಾಲಿಂದ ತೊಡಿಸೋ ಉಕ್ಕಿನ ಮೊಳೆಪಟ್ಟಿ ಸಿಗ್ತದ. ಎರಡು ನಮೂನಿ: ಬರೇ ಹಿಮ್ಮಡಿಗೆ ಕಟ್ಟೋದು, ಪೂರಾ ಅಂಗಾಲಿಗೆ ಹಾಕೋದು. ಹಿರಿಯರಿಗೆ ಪೂರಾ ಅಂಗಾಲಿಂದೇ ತಗೋರಿ. ತಗೊಳ್ಳೋವಾಗ ಬೂಟು ಕೈಯಾಗ ಒಯ್ದು ಅಳತಿ ನೋಡ್ರಿ. ಸಡ್ಲ ಇದ್ರ ಹೆಜ್ಜಿ ಇಡೋವಾಗ ಜಾರಿ ಬದಿಗೆ ಬರ್ತದ, ಆವಾಗ ಅದ ಮುಗ್ಗರಸ್ತದ. ಅಂಗಡಿ, ಮ್ಯೂಸಿಯಂ, ಬಸ್ಸಿನೊಳಗ ಹೋಗೋ ಮುಂದ ಬಿಚ್ಚಲೇಬೇಕು. ನುಣುಪು ಟೈಲ್ಸ್ ಮ್ಯಾಲೆ ಉಕ್ಕಿನ ಮೊಳೆ ಮಂಜಿಗಿಂತ ಜೋರ ಜಾರ್ತದ. ಬಗ್ಗಿ ಬಿಚ್ಚಾಕ ಆಗದವರಿಗೆ ಚೂಪು ತುದಿ ಊರುಗೋಲು ಬರೋಬರಿ. ರಬ್ಬರ್ ಟೊಪ್ಪಿಗಿ ತಗದು ಊರ್ರಿ, ಒಳಗ ಹೋದಾಗ ಮತ್ತ ಹಾಕ್ರಿ.

ಗಾಲಿಚೀಲದ ಕಥಿ: ಸಣ್ಣ ಪ್ಲಾಸ್ಟಿಕ್ ಗಾಲಿಯೊಳಗ ಆ ಹರಳುಕಲ್ಲು ಸಿಕ್ಕೊಂಡು ಗಾಲಿ ನಿಂತ್ ಬಿಡ್ತದ. 40 ಲೀಟರ್ ಬೆನ್ನುಚೀಲ ಛಲೋ. ಗಾಲಿ ಬೇಕಂದ್ರ ದೊಡ್ಡ ರಬ್ಬರ್ ಗಾಲಿ ಎರಡಿರೋದು.

ಮ್ಯಾಲೆ ನೋಡ್ಕೋತ ನಡೀರಿ. ಕರಗೋ ಕಾಲಕ್ಕ ಹಳೇ ಮನಿ ಸೂರಿಂದ ಮಂಜಿನ ಕೋಲು, ಇಡೀ ಹಿಮದ ಹಾಸು ಬೀಳ್ತಾವ. ಕೆಂಪು–ಬಿಳಿ ಪಟ್ಟಿ ಕಟ್ಟಿದ ಕಡೆ ಒಳಗ ನುಸೀಬ್ಯಾಡ್ರಿ, ಅದು ಕಟ್ಟಡ ಕೆಲಸಕ್ಕ ಕಟ್ಟಿದ್ದಲ್ಲ.

ಬೆಳಕು ಬಡಿದ್ರ ಮಿಂಚೋ ಪ್ರತಿಫಲಕ ಒಂದೊಂದು ಕೋಟಿಗೆ ತೂಗಹಾಕ್ರಿ, ಮೊಣಕಾಲಿನ ಎತ್ತರಕ್ಕ, ರಸ್ತೆ ಇರೋ ಬದಿಗೆ. ಎಸ್ಟೋನಿಯಾದಾಗ ಕತ್ತಲಲ್ಲಿ ನಡೆಯೋರಿಗೆ ಅದು ಕಾನೂನಿನ ಪ್ರಕಾರ ಕಡ್ಡಾಯ.

ಅಕ್ಕಿರೊಟ್ಟಿ

ಇಷ್ಟು ಬೇಗ ಇಷ್ಟೊಂದು ಮಾಹಿತಿ! 2–4–3–3–1 ಮಾಡಿಕೊಂಡೆವು, ದಿಕ್ಕು ಹಾಗೇ ಇರಲಿ. ಈಗ ಒಂದು ದಿನದ ಹೊರಸಂಚಾರಗಳು: ತ್ರಾಕಾಯ್, ಷೌಲ್ಯಯ್ ಹತ್ತಿರದ ಶಿಲುಬೆಗಳ ಬೆಟ್ಟ, ರುಂಡಾಲೆ ಅರಮನೆ, ಸಿಗುಲ್ಡಾ. ಯಾವುದನ್ನು ಇಟ್ಟುಕೊಳ್ಳಲಿ? ಬಟ್ಟೆ ಎಷ್ಟು ಪದರ?

ಬಸ್‌ಸ್ಟ್ಯಾಂಡ್ ಬಸವ

ತ್ರಾಕಾಯ್ ಇಟ್ಟುಕೊಳ್ಳಿ. ವಿಲ್ನಿಯಸ್‌ನಿಂದ 28 ಕಿ.ಮೀ., ಬಸ್ಸಿನಲ್ಲೋ ರೈಲಿನಲ್ಲೋ ಅರ್ಧ ಮುಕ್ಕಾಲು ಗಂಟೆ. ಎರಡೂ ನಿಲ್ದಾಣ ಊರಿನ ದಕ್ಷಿಣ ತುದಿಯಲ್ಲಿವೆ, ದ್ವೀಪದ ಕೋಟೆ ಉತ್ತರ ತುದಿಯಲ್ಲಿ. ರೈಲು ನಿಲ್ದಾಣದಿಂದ ಸುಮಾರು ಎರಡೂವರೆ ಕಿ.ಮೀ., ಬಸ್ ನಿಲ್ದಾಣ ಸ್ವಲ್ಪ ಹತ್ತಿರ. ಹಾಗಾಗಿ ಬಸ್ಸು. ಹಿರಿಯರು ಹೋಗುವಾಗ ನಡೆದು ಬರುವಾಗ ಟ್ಯಾಕ್ಸಿ ಮಾಡಬಹುದು. ಸೋಮವಾರ ಬೇಡ. ಚಳಿಗಾಲದಲ್ಲಿ ಮೂರೂ ದೇಶಗಳ ಬಹುತೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ, ಕೆಲವಕ್ಕೆ ಮಂಗಳವಾರವೂ. ಊರಿಂದೂರಿಗೆ ಹೋಗುವ ದಿನವನ್ನು ಸೋಮವಾರಕ್ಕೆ ಬೀಳಿಸಿದರೆ ಒಂದು ದಿನ ಉಳಿಯುತ್ತದೆ.

ಶಿಲುಬೆಗಳ ಬೆಟ್ಟ: ಷೌಲ್ಯಯ್ ಪಟ್ಟಣದಿಂದ 12 ಕಿ.ಮೀ. ಉತ್ತರಕ್ಕೆ. ಯೊನಿಷ್ಕಿಸ್ ಕಡೆಯ ಬಸ್ಸು ಹತ್ತಿ ದೊಮಾಂತಾಯ್ ನಿಲುಗಡೆಯಲ್ಲಿ ಇಳಿದು 2 ಕಿ.ಮೀ. ಬಯಲಲ್ಲಿ ನಡೆಯಬೇಕು. ಮರವಿಲ್ಲ, ಮನೆಯಿಲ್ಲ, ಗಾಳಿಗೆ ತಡೆಯಿಲ್ಲ. ವಾಪಸ್ ಬಸ್ಸಿಗೆ ಹೆದ್ದಾರಿ ಪಕ್ಕದಲ್ಲಿ ಕಾಯಬೇಕು, ತಪ್ಪಿದರೆ ಮುಂದಿನದು ಬೇಗ ಬರುವುದಿಲ್ಲ. ಆ ಹಾದಿಯ ಕೆಟ್ಟ ಭಾಗ ಅದೇ, ಬೆಟ್ಟವಲ್ಲ. ಹೋಗಲೇಬೇಕೆಂದರೆ ಷೌಲ್ಯಯ್‌ನಲ್ಲಿ ಟ್ಯಾಕ್ಸಿ ಮಾತಾಡಿ, ಅಲ್ಲೇ ಅರ್ಧ ಗಂಟೆ ಕಾಯಿಸಿ ವಾಪಸ್ ಬನ್ನಿ. ಸಾಮಾನು ಎಲ್ಲಿಡುವುದು ಎಂದು ಮೊದಲೇ ನೋಡಿಕೊಳ್ಳಿ.

ರುಂಡಾಲೆ: ಬಿಡಿ. ರೀಗಾದಿಂದ ಬೌಸ್ಕಾಗೆ ಒಂದು ಬಸ್ಸು, ಅಲ್ಲಿಂದ ಅರಮನೆಗೆ ಇನ್ನೊಂದು ಸ್ಥಳೀಯ ಬಸ್ಸು. ಎರಡನೆಯದು ಅಪರೂಪ. ಅದರ ಹೆಸರುವಾಸಿ ತೋಟ ಬೇಸಿಗೆಯದು, ಫೆಬ್ರವರಿಯಲ್ಲಿ ಗುಲಾಬಿ ಗಿಡಗಳ ಮೇಲೆ ಹೊದಿಕೆ ಇರುತ್ತದೆ.

ಸಿಗುಲ್ಡಾ: ಹೋಗಬಹುದು. ರೀಗಾದಿಂದ 53 ಕಿ.ಮೀ., ರೈಲಿನಲ್ಲಿ ಒಂದು ಕಾಲು ಗಂಟೆ. ಗೌಯಾ ಕಣಿವೆಯ ಮೇಲಿನ ತೂಗುಬುಟ್ಟಿ (ಕೇಬಲ್ ಕಾರ್) ಗಾಳಿ ಜೋರಿದ್ದರೆ ನಿಲ್ಲುತ್ತದೆ, ಅಂದು ಬೆಳಿಗ್ಗೆಯೇ ವಿಚಾರಿಸಿ. ತುರಾಯ್ದಾ ಕೋಟೆಗೆ ಊರಿಂದ ಬಸ್ಸಿದೆ. ಕಣಿವೆಗೆ ಇಳಿಯುವ ಮರದ ಮೆಟ್ಟಿಲುಗಳು ಈ ಕಾಲದಲ್ಲಿ ಗಾಜಿನಂತಾಗಿರುತ್ತವೆ, ಹಿರಿಯರು ಇಳಿಯುವುದು ಬೇಡವೇ ಬೇಡ. ಜಾರುಬಂಡಿ ಓಟಕ್ಕೆ 1986ರಲ್ಲಿ ಕಟ್ಟಿದ ಬಾಬ್‌ಸ್ಲೆಡ್ ಹಾದಿ ಅಲ್ಲಿದೆ, ಚಳಿಗಾಲದಲ್ಲಿ ತರಬೇತಿ ನಡೆಯುತ್ತಿದ್ದರೆ ನೋಡುವುದೇ ಮಜಾ. ಸಿಗುಲ್ಡಾ ಮೆಟ್ಟಿಲು ಬೇಡವೆಂದರೆ ಯೂರ್ಮಾಲಾ ಎಂಬ ಕಡಲೂರು: ರೀಗಾದಿಂದ ರೈಲಿನಲ್ಲಿ ಅರ್ಧ ಗಂಟೆಯಲ್ಲಿ ಮಯೋರಿ ನಿಲ್ದಾಣ, ಅಲ್ಲಿಂದ ಸಮತಟ್ಟಾದ ಬೀದಿ, ಕೊನೆಯಲ್ಲಿ ಅಂಚು ಹೆಪ್ಪುಗಟ್ಟಿದ ಸಮುದ್ರ.

ಮಾಗಿಚಳಿ

ಬಟ್ಟೆ: ಮೂರು ಪದರ. ಮೈಗೆ ಅಂಟಿ ಉಣ್ಣೆ ಅಥವಾ ಸಿಂಥೆಟಿಕ್, ನಡುವೆ ಫ್ಲೀಸ್, ಮೇಲೆ ಗಾಳಿ–ನೀರು ತಡೆಯುವ ಕೋಟು. ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿ ಅಲ್ಲೇ ತಣ್ಣಗಾಗುತ್ತದೆ. ಬೆಂಗಳೂರಿನಲ್ಲಿ ಒಂದೇ ಒಂದು ದಪ್ಪ ಜಾಕೆಟ್ ಕೊಂಡು, ಒಳಗೆ ಹತ್ತಿ ಅಂಗಿ ತೊಟ್ಟು ಹೊರಡುವವರೇ ಹೆಚ್ಚು. ಬಸ್ಸು, ಅಂಗಡಿ, ಮ್ಯೂಸಿಯಂ ಎಲ್ಲ ಬೆಚ್ಚಗಿರುತ್ತವೆ. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕುವಂತಿರಬೇಕು. ಸಾಧಾರಣವಾಗಿ 0ರ ಆಸುಪಾಸು, ಆದರೆ ಪೂರ್ವದ ಗಾಳಿ ಬೀಸಿದರೆ −15ಕ್ಕೂ ಇಳಿಯುತ್ತದೆ. ಅದಕ್ಕೆ ಇನ್ನೊಂದು ಜೊತೆ ಉಣ್ಣೆಯ ಒಳಪೈಜಾಮ ಸಾಕು. ಬೂಟು ನೀರು ಹಿಡಿಯಬಾರದು, ಎರಡು ಕಾಲುಚೀಲ ಹಾಕುವಷ್ಟು ಜಾಗ ಇರಬೇಕು. ಬಿಗಿಯಾದ ಬೂಟಿನಲ್ಲಿ ಎರಡು ಕಾಲುಚೀಲ ತುರುಕಿದರೆ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ.

ಚಳಿಗೆ ಫೋನ್ ಬ್ಯಾಟರಿ ದಿಢೀರೆಂದು ಸಾಯುತ್ತದೆ, ಟಿಕೆಟ್ ಅದರೊಳಗೇ ಇರುತ್ತದೆ. ಒಳಜೇಬಿನಲ್ಲಿಡಿ, ಬಸ್ಸು–ಹಡಗಿನ ಟಿಕೆಟ್ ಕಾಗದದಲ್ಲೂ ಮುದ್ರಿಸಿ.

ಸಂಜೆ ಐದೂವರೆ ಮೇಲೆ ಏನು ಎಂದು ಕೇಳುವ ಮುಂಚೆ: ತಾಲಿನ್‌ನಲ್ಲಿ ಸೌನಾ, ಅಂದರೆ ಹಬೆಸ್ನಾನ. 1928ರಲ್ಲಿ ತೆರೆದ ಕಲ್ಮಾ ಸೌನಾ ಹಳೆಯ ಪಟ್ಟಣದ ಪಕ್ಕದಲ್ಲೇ ಇದೆ. ಬಿಪಿ ಇರುವ ಹಿರಿಯರು ವೈದ್ಯರನ್ನು ಕೇಳಿಕೊಂಡು.

ಕಡುಬು

ಊಟ. ಕಷ್ಟವಿದೆ, ಆದರೆ ಉಪವಾಸ ಬೀಳುವುದಿಲ್ಲ. ರಾಜಧಾನಿಗಳಲ್ಲಿ ಸಸ್ಯಾಹಾರಿ ಹೋಟೆಲುಗಳಿವೆ, ಭಾರತೀಯ ಹೋಟೆಲುಗಳೂ ಇವೆ. ಪ್ರಯಾಣದ ದಿನ ಮತ್ತು ಸಣ್ಣ ಊರುಗಳಲ್ಲಿ ಎಚ್ಚರ.

ಮೋಸ ಮಾಡುವ ತಿನಿಸುಗಳು: ಲಾಟ್ವಿಯಾದ ಬೂದು ಬಟಾಣಿ ಎಂದರೆ ಜೊತೆಗೆ ಹಂದಿಕೊಬ್ಬು. ಎಸ್ಟೋನಿಯಾದ ಬಟಾಣಿ ಸೂಪಿನಲ್ಲೂ ಹಂದಿಮಾಂಸ. ಲಿಥುವೇನಿಯಾದ ಆಲೂಗಡ್ಡೆ ಕಡುಬು ಸೆಪೆಲಿನಾಯ್‌ನೊಳಗೆ ಮಾಂಸ, ಕೆಲವು ಕಡೆ ಗಿಣ್ಣಿನ (ಚೀಸ್) ಹೂರಣದ್ದು ಸಿಗುತ್ತದೆ. ಅದರಲ್ಲೂ ಮೇಲೆ ಹುರಿದ ಹಂದಿಕೊಬ್ಬು ಸುರಿಯುವುದುಂಟು, ಮುಂಚೆಯೇ ಹೇಳಿ. ತ್ರಾಕಾಯ್‌ನ ಕರಾಯಿಮ ಸಮುದಾಯದ ಕಿಬಿನಾಯ್ ಎಂಬ ಹೂರಣದ ತಿನಿಸು ಮೂಲದಲ್ಲಿ ಕುರಿಮಾಂಸದ್ದು, ತರಕಾರಿ, ಗಿಣ್ಣಿನದ್ದೂ ಮಾರುತ್ತಾರೆ. ತರಕಾರಿ ಸೂಪಿಗೂ ಮಾಂಸದ ರಸವೇ ಬುನಾದಿ ಇರಬಹುದು, ಬಣ್ಣ ನೋಡಿ ನಂಬಬೇಡಿ.

ಮಾಂಸವಿಲ್ಲದೆ ಎನ್ನಲು ಲಿಥುವೇನಿಯನ್‌ನಲ್ಲಿ "ಬೆ ಮೆಸೋಸ್", ಲಾಟ್ವಿಯನ್‌ನಲ್ಲಿ "ಬೆಸ್ ಗಾಲ್ಯಸ್", ಎಸ್ಟೋನಿಯನ್‌ನಲ್ಲಿ "ಇಲ್ಮಾ ಲಿಹತ". ಆದರೆ ಮೀನು ಮಾಂಸವಲ್ಲ ಎನ್ನುವ ತಿಳಿವಳಿಕೆ ಅಲ್ಲಿ ಗಟ್ಟಿಯಾಗಿದೆ, ಮೀನನ್ನು ಬೇರೆಯಾಗಿಯೇ ಹೇಳಬೇಕು.

ಧೈರ್ಯವಾಗಿ ತಿನ್ನಬಹುದಾದದ್ದು: ಕಪ್ಪು ರೈ ರೊಟ್ಟಿ, ಹುಳಿ ಮಜ್ಜಿಗೆಯಂಥ ಕೆಫೀರ್, ಗಿಣ್ಣು, ಆಲೂಗಡ್ಡೆ ದೋಸೆಯಂಥದ್ದು, ಅಣಬೆ. ರೀಗಾದ ಕೇಂದ್ರ ಮಾರುಕಟ್ಟೆ ಬಿಡಬೇಡಿ. ಜೆಪೆಲಿನ್ ವಾಯುನೌಕೆಗಳ ಹ್ಯಾಂಗರುಗಳಿಂದ ಕಟ್ಟಿ 1930ರಲ್ಲಿ ತೆರೆದ ಐದು ಮಂಟಪಗಳು. ಹುಳಿ ಎಲೆಕೋಸು, ಉಪ್ಪಿನಕಾಯಿ, ಜೇನು, ಸೆಣಬಿನ ಬೀಜದ ಬೆಣ್ಣೆ ಎಲ್ಲ ಒಂದೇ ಸೂರಿನಡಿ, ಒಳಗೆ ಬೆಚ್ಚಗೆ. ಚಟ್ನಿಪುಡಿ ಒಯ್ದರೆ ರೈ ರೊಟ್ಟಿಗೆ ಒಳ್ಳೆಯ ಜೋಡಿ. ತುಪ್ಪ, ಹಾಲಿನ ಸಿಹಿ, ಪೇಡ ಮಾತ್ರ ಒಯ್ಯಬೇಡಿ. ಯೂರೋಪ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ನಿಷೇಧ ಇದೆ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ಅರ್ಧ ತಲೆನೋವು ಕಡಿಮೆ. ಅಕ್ಕಿ, ಬೇಳೆ ಎಲ್ಲ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ.

ತೀರದಾಟ

ಹೆಪ್ಪುಗಟ್ಟಿದ ಸಮುದ್ರದ ಮೇಲೆ ರಸ್ತೆ ಮಾಡುತ್ತಾರಂತಲ್ಲ, ಎಸ್ಟೋನಿಯಾದ ದ್ವೀಪಗಳಿಗೆ? ಅದರ ಮೇಲೆ ನಡೆದು ಹೋಗಬಹುದೇ? ತ್ರಾಕಾಯ್ ಕೆರೆಯ ಮೇಲೂ ಜನ ನಡೆಯುವ ಫೋಟೋ ನೋಡಿದ್ದೇನೆ.

ಹುಬ್ಬಳ್ಳಿ ಹವಾ

ಮಂಜಿನ ರಸ್ತೆ ವಾಹನಕ್ಕ, ಅದೂ ಭಾಳ ಚಳಿ ಬಿದ್ದ ವರ್ಷ ಅಷ್ಟ ತೆರೀತಾರ. ಕಾರಿಲ್ಲದೋರು ಅದನ್ನ ಮರೀರಿ.

ಕೆರಿ ಮ್ಯಾಲೆ ನಡಿಯೋದು ಈ ತಿಂಗಳು ಬ್ಯಾಡ. ಒಬ್ಬರು ನಡೀಬೇಕಂದ್ರ ಕನಿಷ್ಠ 10 ಸೆಂ.ಮೀ. ಗಟ್ಟಿ ಮಂಜು ಬೇಕು ಅಂತಾರ, ಆದ್ರ ಆ ಲೆಕ್ಕ ಜನವರಿಯ ನೀಲಿ ಮಂಜಿಗೆ. ಫೆಬ್ರವರಿ ಕೊನಿಗೆ ಹಗಲಿನ ಬಿಸಲಿಗೆ ಅದು ಒಳಗ ಬಾಳೆದಿಂಡಿನಂಗ ತೂತು ತೂತು ಆಗ್ತದ. ದಪ್ಪ 20 ಇದ್ರೂ ತಾಕತ್ತು ಇರಂಗಿಲ್ಲ. ಬಣ್ಣ ಬೂದು ಆಗಿದ್ರ, ಮ್ಯಾಲೆ ನೀರು ನಿಂತಿದ್ರ, ಸೇತುವಿ ಕಂಬದ ಸುತ್ತ, ಜೊಂಡಿನ ಹತ್ರ, ಕಾಲ್ವಿ ಸೇರೋ ಕಡೆ ಮೊದಲ ಕುಸೀತದ. ಫೋಟೊದಾಗಿನ ಮಂದಿ ಮೀನು ಹಿಡಿಯೋರು, ಅವರ ಕೊರಳಾಗ ಮಂಜಿಗೆ ಚುಚ್ಚಿ ಮ್ಯಾಲೆ ಬರೋ ಮೊಳೆ ಇರ್ತಾವ.

ಕಡತಪ್ರಿಯ

ಹಣ ಮತ್ತು ಹೆಸರು, ಎರಡು ಸಣ್ಣ ವಿಷಯ, ಆದರೆ ಕನ್ನಡಿಗರು ಎಡವುವುದು ಇಲ್ಲೇ.

ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇರುವವರು, ಇನಿಷಿಯಲ್ ಬಿಡಿಸಿ ಊರು–ತಂದೆಯ ಹೆಸರು ಬರೆಸಿರುವವರು ಬಸ್ಸು, ಹಡಗಿನ ಟಿಕೆಟ್‌ನಲ್ಲೂ ಪಾಸ್‌ಪೋರ್ಟಿನಂತೆಯೇ ಬರೆಯಿರಿ. ಫಾರ್ಮು ಎರಡು ಹೆಸರು ಕೇಳಿದರೆ ಕೊಟ್ಟ ಹೆಸರನ್ನೇ ಎರಡೂ ಕಡೆ ತುಂಬಿ, ಇನಿಷಿಯಲ್ ಹಾಕಬೇಡಿ. ನಾಲ್ವರ ಟಿಕೆಟ್‌ನಲ್ಲೂ ಒಂದೇ ಕ್ರಮ ಇರಲಿ.

ಪೋಲೆಂಡಿನಲ್ಲಿ ಝ್ಲೋತಿ, ಉಳಿದ ನಾಲ್ಕರಲ್ಲೂ ಯೂರೋ. ಎರಡು ರಾತ್ರಿಗೆ ಝ್ಲೋತಿ ನಗದು ಕೊಳ್ಳುವ ಅಗತ್ಯವಿಲ್ಲ, ಕಾರ್ಡ್ ಎಲ್ಲೆಡೆ ನಡೆಯುತ್ತದೆ. ಯಂತ್ರ "ರೂಪಾಯಿಯಲ್ಲಿ ಕತ್ತರಿಸಲೇ" ಎಂದು ಕೇಳಿದರೆ ಬೇಡ ಅನ್ನಿ, ಸ್ಥಳೀಯ ಹಣವನ್ನೇ ಒತ್ತಿ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಹೊರಡುವ ಮುನ್ನ ತೆರೆದಿಡಿ. ಬಸ್ಸಿನ ಯಂತ್ರಗಳಲ್ಲಿ ಪ್ರೀಪೇಡ್ ಫೋರೆಕ್ಸ್ ಕಾರ್ಡ್ ಒಮ್ಮೊಮ್ಮೆ ತಿರಸ್ಕೃತವಾಗುತ್ತದೆ, ಇನ್ನೊಂದು ಸಾಮಾನ್ಯ ಕಾರ್ಡ್ ಜೊತೆಗಿರಲಿ. ನಾಲ್ವರಿಗೂ ಬೇರೆ ಬೇರೆ ಕಾರ್ಡ್ ಬೇಕು, ಒಂದೇ ಕಾರ್ಡನ್ನು ನಾಲ್ಕು ಸಲ ತೋರಿಸಿದರೆ ಎಲ್ಲ ಕಡೆ ನಾಲ್ಕು ಟಿಕೆಟ್ ಆಗುವುದಿಲ್ಲ.

ಆನ್‌ಲೈನ್ ಟಿಕೆಟ್‌ಗೆ ಒಟಿಪಿ ಭಾರತದ ಸಿಮ್‌ಗೇ ಬರುತ್ತದೆ. ರೋಮಿಂಗ್ ಚಾಲೂ ಇಲ್ಲದಿದ್ದರೆ ಬಸ್ ನಿಲ್ದಾಣದಲ್ಲಿ ನಿಂತು ಪರದಾಡುವುದೇ ಗತಿ. ಅಲ್ಲಿನ ಸಿಮ್ ಒಂದು ದೇಶದಲ್ಲಿ ಕೊಂಡರೆ ಐದರಲ್ಲೂ ನಡೆಯುತ್ತದೆ, ಆದರೆ ಅದು ಡೇಟಾಗೆ. ಹಳೆಯ ಸಿಮ್ ಫೋನಿನಲ್ಲೇ ಇರಲಿ.

ರೈಲುಗೇಟ್

ಹಡಗಿನ ಬಗ್ಗೆ ಒಂದು ಮಾತು ಬಾಕಿ. ತಾಲಿನ್ ಬಂದರಿನಲ್ಲಿ ಒಂದೇ ಕಟ್ಟಡವಿಲ್ಲ. ತಾಲಿಂಕ್ ಕಂಪನಿಯ ಹಡಗುಗಳು ಡಿ ಟರ್ಮಿನಲ್‌ನಿಂದ, ವೈಕಿಂಗ್ ಮತ್ತು ಎಕೆರೊ ಎ ಟರ್ಮಿನಲ್‌ನಿಂದ. ಎರಡರ ನಡುವಿನ ನಡಿಗೆಗೆ ಮಂಜಿನಲ್ಲಿ ಹದಿನೈದು ನಿಮಿಷ ಹಿಡಿಯಬಹುದು. ಆಚೆ ದಡದಲ್ಲೂ ಹಾಗೆಯೇ: ವೈಕಿಂಗ್ ಇಳಿಸುವುದು ಕತಾಯನೊಕ್ಕಾದಲ್ಲಿ, ಉಳಿದವು ಪಶ್ಚಿಮ ಬಂದರಿನಲ್ಲಿ. ಹೋಟೆಲ್ ಎಲ್ಲಿ ಎನ್ನುವುದನ್ನು ನೋಡಿ ಹಡಗು ಆರಿಸಿ. ಹೊರಡುವ ಅರ್ಧ ಗಂಟೆ ಮೊದಲೇ ಗೇಟು ಮುಚ್ಚಬಹುದು, ಒಂದು ಗಂಟೆ ಮೊದಲು ಅಲ್ಲಿರಿ. ರೀಗಾದಿಂದ ಬಂದ ದಿನವೇ ಹಡಗು ಹಿಡಿಯುವ ಯೋಚನೆ ಇರುವವರು ನಡುವೆ ಮೂರು ಗಂಟೆ ಬಿಡಿ. ಆ ಹೆದ್ದಾರಿ ಬಹುಪಾಲು ಎರಡೇ ಪಥದ್ದು, ಲಾರಿ ದಟ್ಟಣೆ, ಹಿಮ ಬಿದ್ದ ದಿನ ಬಸ್ಸು ತಡವಾಗುತ್ತದೆ.

ಹೆಲ್ಸಿಂಕಿಯ ವಿಮಾನ ಮಾರ್ಚ್ 4ರ ಬೆಳಿಗ್ಗೆ ಇದ್ದರೆ ಮಾರ್ಚ್ 3ರ ಸಂಜೆಯ ಹಡಗಿಗಿಂತ ಮಧ್ಯಾಹ್ನದ್ದು ಹಿಡಿಯಿರಿ. ಬಂದರಿನಿಂದ ಟ್ರಾಮ್, ಕೇಂದ್ರ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ರೈಲು ಅರ್ಧ ಗಂಟೆ.

ಅಕ್ಕಿರೊಟ್ಟಿ

ತ್ರಾಕಾಯ್, ಯೂರ್ಮಾಲಾ ಇಟ್ಟುಕೊಂಡೆವು, ಉಳಿದವು ಬಿಟ್ಟೆವು. ವಿಲ್ನಿಯಸ್–ರೀಗಾಕ್ಕೆ ಹನ್ನೊಂದರ ನಂತರದ ಬಸ್ಸು ನೋಡುತ್ತೇವೆ. ಕೊನೆಯದೊಂದು: ಆ ಮೊಳೆಪಟ್ಟಿ, ಚೂಪು ಊರುಗೋಲು ವಿಮಾನದ ಕೈಚೀಲದಲ್ಲಿ ಒಯ್ಯಬಹುದೇ?

ಹುಬ್ಬಳ್ಳಿ ಹವಾ

ಬ್ಯಾಡ್ರಿ, ದೊಡ್ಡ ಚೀಲಕ್ಕ ಹಾಕ್ರಿ, ಚೂಪಾದದ್ದು ಅಂತ ಭದ್ರತೆಯೊಳಗ ತಗದಿಡ್ತಾರ. ದೊಡ್ಡ ಚೀಲ ಇಲ್ಲಂದ್ರ ಮೊಳೆಪಟ್ಟಿ ವಾರ್ಸಾದಾಗ ಇಳಿದ ದಿನಾನ ಕ್ರೀಡಾ ಅಂಗಡಿಯೊಳಗ ತಗೋರಿ. ಆದ್ರ ಫೆಬ್ರವರಿ ಕೊನಿಗೆ ಅಂಗಡಿಯೋರು ವಸಂತದ ಮಾಲು ತುಂಬಿರ್ತಾರ, ಸಣ್ಣ ಅಳತಿ ಖಾಲಿ ಆಗಿರ್ತಾವ.